ದಸರಾ ಎಕ್ಸಿಬಿಷನ್‌ನಲ್ಲಿ ಸಿಕ್ಕ ಭವಿಷ್ಯ ಹೇಳುವ ರೋಬೋ: ನಿಮ್ಮೂರಲ್ಲಿ ಇನ್ನೂ ಇದೆಯಾ?

ತಗಡಿನ ಡಬ್ಬಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ದಸರಾ ಎಕ್ಸಿಬಿಷನ್‌ಗೆ ಹೋಗಿದ್ದೆವು. ನಾನು, ಅಮ್ಮ, ಅಕ್ಕ, ಅಕ್ಕನ ಮಗ. ಮಧ್ಯಾಹ್ನ ಮೂರಕ್ಕೆ ದೊಡ್ಡಕೆರೆ ಮೈದಾನದ ಒಳಗೆ ಕಾಲಿಟ್ಟವರು ಹೊರಗೆ ಬಂದಾಗ ರಾತ್ರಿ ಒಂಬತ್ತೂವರೆ. ಅಮ್ಮನಿಗೆ ಪ್ರತಿ ವರ್ಷ ಡೆಲ್ಲಿ ಹಪ್ಪಳ ಆಗಲೇಬೇಕು, ಅದಾಯಿತು. ಮೆಣಸಿನಕಾಯಿ ಬಜ್ಜಿ ಎರಡು ಸುತ್ತು ಆಯಿತು. ಹುಡುಗ ಕೊಲಂಬಸ್ ಹತ್ತಿ ಜೋರಾಗಿ ಅತ್ತು, ಇಳಿದ ತಕ್ಷಣ ಇನ್ನೊಂದು ಸಲ ಅಂದ.

ನಾನು ಬರೆಯಲು ಕೂತಿದ್ದು ಒಂದು ರೋಬೋ ಬಗ್ಗೆ. ಜಯಿಂಟ್ ವ್ಹೀಲ್ ದಾಟಿ, ಬಳೆ ಅಂಗಡಿಗಳ ಸಾಲು ಮುಗಿಯುವ ಕಡೆ ಕೆಂಪು ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ಹತ್ತಿರ ಹೋದರೆ ಮೇಜಿನ ಮೇಲೆ ಭವಿಷ್ಯ ಹೇಳುವ ರೋಬೋ! ಮೂರಡಿ ಎತ್ತರ. ಪ್ಲೈವುಡ್ ಮೈ, ಅದರ ಮೇಲೆ ತಗಡು ಹೊಡೆದು ಬೆಳ್ಳಿ ಬಣ್ಣ ಬಳಿದಿದ್ದಾರೆ. ತಲೆಗೆ ರೇಡಿಯೋ ಆಂಟೆನಾ. ಎದೆಯಲ್ಲಿ ಯಾವುದೋ ಹಳೇ ಸ್ಕೂಟರಿನ ಸ್ಪೀಡೋಮೀಟರ್, ಅದರ ಮುಳ್ಳು ಆ ಕಡೆ ಈ ಕಡೆ ಓಲಾಡುತ್ತಲೇ ಇರುತ್ತದೆ. ಹೊಟ್ಟೆಯಿಂದ ನಾಲ್ಕು ಹೆಡ್‌ಫೋನ್ ಇಳಿಬಿದ್ದಿವೆ, ಒಂದೊಂದಕ್ಕೂ ಕನ್ನಡ, ತೆಲುಗು, ತಮಿಳು, ಹಿಂದಿ ಅಂತ ಚೀಟಿ. ಮೇಜಿನ ಕೆಳಗೆ ಲಾರಿ ಬ್ಯಾಟರಿ.

ಚಿಕ್ಕವನಿದ್ದಾಗ ಇದೇ ಮೈದಾನದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಇಂಥದ್ದೇ ಒಂದನ್ನು ನೋಡಿದ್ದೆ. ಆಮೇಲೆ ಎಷ್ಟೋ ವರ್ಷ ಕಾಣಲೇ ಇಲ್ಲ. ಇಪ್ಪತ್ತು ರೂಪಾಯಿ ಕೊಟ್ಟು ಕನ್ನಡದ ಹೆಡ್‌ಫೋನ್ ಹಾಕಿಕೊಂಡೆ. ಒಬ್ಬ ಹೆಂಗಸಿನ ದನಿ, ತುಂಬಾ ಗಂಭೀರ. ದಕ್ಷಿಣ ದಿಕ್ಕಿನಿಂದ ಒಳ್ಳೆಯ ಸುದ್ದಿ ಬರುತ್ತದೆ, ಹತ್ತಿರದವರನ್ನು ನಂಬಿ ಸಾಲ ಕೊಡಬೇಡಿ ಅಂತೆಲ್ಲ ಹೇಳುತ್ತಾ ಹೋಯಿತು. ನಡುವೆ, ಸಾಲದ ಮಾತು ಬಂದ ಕಡೆ, ಹಿಂದಿನಿಂದ ಕೋಳಿ ಕೂಗಿತು! ನಿಜವಾದ ಹುಂಜ. ಎರಡು ಸಲ. ನಾನು ಹೆಡ್‌ಫೋನ್ ತೆಗೆದು ಸುತ್ತ ನೋಡಿದೆ, ಎಕ್ಸಿಬಿಷನ್‌ನಲ್ಲಿ ಎಲ್ಲಿಯ ಕೋಳಿ. ಮತ್ತೆ ಇಪ್ಪತ್ತು ಕೊಟ್ಟು ಕೇಳಿದೆ. ಅದೇ ಜಾಗದಲ್ಲಿ ಮತ್ತೆ ಕೂಗಿತು.

ಅವತ್ತಿಂದ ಅದೇ ತಲೆಯಲ್ಲಿದೆ. ನನ್ನ ಬಗ್ಗೆ ಗೊತ್ತಿಲ್ಲದವರಿಗೆ: ನಾನು ಬಾಹ್ಯಾಕಾಶ, ರೋಬೋ, ಹಾರುವ ತಟ್ಟೆ, ಈ ಥರದ ಆಟಿಕೆ ಮತ್ತು ಸಾಮಾನು ಸೇರಿಸಿಡುತ್ತೇನೆ. ದುಬಾರಿಯವು ಕಡಿಮೆ. ವಿಚಿತ್ರವಾಗಿರುವುದು ಜಾಸ್ತಿ. ಚಕ್ರ ಹಾಕಿದ ರಾಕೆಟ್, ಕಿಡಿ ಹಾರಿಸುವ ಗನ್ನು, ಮೂರು ಕಣ್ಣಿನ ಗಗನಯಾತ್ರಿ ಇರುವ ಊಟದ ಡಬ್ಬಿ. ಇಷ್ಟು ವರ್ಷದಲ್ಲಿ ಹಠ ಹಿಡಿದು ಹುಡುಕಬೇಕು ಅನಿಸಿದ್ದು ಇದೊಂದನ್ನೇ. ಜಪಾನಿನ ತಗಡು ರೋಬೋಗಳ ಬಗ್ಗೆ ದಪ್ಪ ದಪ್ಪ ಪುಸ್ತಕ ಇವೆ. ನಮ್ಮ ಜಾತ್ರೆಯ ರೋಬೋ ಬಗ್ಗೆ ಒಂದು ಪುಟ ಯಾರಾದರೂ ಬರೆದಿದ್ದಾರಾ? ನಿಮ್ಮೂರಲ್ಲಿ ಇದ್ದರೆ, ಹಿಂದೆ ನೋಡಿದ್ದರೆ, ದಯವಿಟ್ಟು ಬರೆಯಿರಿ. ಎಷ್ಟು ಎತ್ತರ, ಎದೆಯಲ್ಲಿ ಏನಿತ್ತು, ಯಾವ ಭಾಷೆ, ಎಲ್ಲಾ ಬೇಕು.

ಘಟ್ಟದ ಮೇಲಿನವಳು, ಸಿರಸಿ

ನಮ್ಮಲ್ಲಿ ಮಾರಿಕಾಂಬಾ ಜಾತ್ರೆಗೆ ಬರುತ್ತಿತ್ತು. ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗುವುದರಿಂದ ಅದನ್ನು ಎರಡು ವರ್ಷ ಕಾಯುತ್ತಿದ್ದೆವು. ನಾವು ನೋಡಿದ್ದಕ್ಕೆ ಕೈ ಇರಲಿಲ್ಲ, ಕೈ ಜಾಗದಲ್ಲಿ ಎರಡು ಟ್ಯೂಬ್‌ಲೈಟ್. ತಂಗಿಗೆ ಅದು ನಿನಗೆ ಹಳದಿ ಬಣ್ಣ ಒಳ್ಳೇದು ಅಂದಿತ್ತು, ಅವಳು ಹತ್ತನೇ ಕ್ಲಾಸ್ ಪರೀಕ್ಷೆ ಪೂರ್ತಿ ಹಳದಿ ರಿಬ್ಬನ್ ಕಟ್ಟಿಕೊಂಡು ಹೋದಳು.

ಕೀಲಿಕೈ, ಬೆಂಗಳೂರು

ಡಬ್ಬಿ ಸರ್, ನಿಮ್ಮ ಬರಹ ಓದಿ ಸಂತೋಷ ತಡೆಯಲಾಗಲಿಲ್ಲ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ನಾನು ನೋಡಿದ್ದೇನೆ, ದೊಡ್ಡ ಬಸವಣ್ಣನ ಗುಡಿಯಿಂದ ಕೆಳಗೆ ಇಳಿಯುವಾಗ ಎಡಕ್ಕೆ. ಅದಕ್ಕೆ ತಲೆ ಇದ್ದದ್ದು ಎಣ್ಣೆ ಡಬ್ಬಿ. ಅದರ ಮೇಲೆ ಬಳಿದ ಬಣ್ಣದ ಅಡಿಯಲ್ಲಿ ಡಬ್ಬಿಯ ಅಕ್ಷರ ಇನ್ನೂ ಕಾಣುತ್ತಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಜಪಾನಿನ ಕಥೆಯೂ ಡಬ್ಬಿಯಿಂದಲೇ ಶುರು. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಅಲ್ಲಿ ತಗಡೇ ಇರಲಿಲ್ಲ. ಅಮೆರಿಕದ ಸೈನಿಕರು ತಿಂದು ಬಿಸಾಡಿದ ಡಬ್ಬಿಗಳನ್ನು ಬಿಚ್ಚಿ, ಚಪ್ಪಟೆ ಮಾಡಿ, ಅದರಲ್ಲೇ ಪುಟ್ಟ ಜೀಪು ಮಾಡಿದರು. ಆಮೇಲೆ ಆಟಿಕೆ ರಫ್ತು ದೊಡ್ಡದಾಗಿ ಬೆಳೆಯಿತು. ಆ ಮೊದಲ ವರ್ಷಗಳ ಆಟಿಕೆಗಳ ಮೇಲೆ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಅಂತ ಅಚ್ಚು ಇರುತ್ತದೆ. 1952ರಲ್ಲಿ ಅಮೆರಿಕದ ಆಡಳಿತ ಹೋಯಿತು, ಆ ಮುದ್ರೆಯೂ ಹೋಯಿತು. ಹಾಗಾಗಿ ಆ ಸಾಲು ಕಂಡರೆ ಕಾಲ ಲೆಕ್ಕ ಹಾಕುವುದು ಸುಲಭ.

ಮಾಡುವ ರೀತಿ ನೋಡಿ. ಮೊದಲು ಚಪ್ಪಟೆ ತಗಡಿನ ಹಾಳೆ ಮೇಲೆ ಬಣ್ಣ ಅಚ್ಚು ಹಾಕುತ್ತಾರೆ. ಗುಂಡಿ, ಮೀಟರ್, ರಿವೆಟ್ಟು, ಎಲ್ಲಾ ಚಿತ್ರವೇ. ಆಮೇಲೆ ಅದನ್ನು ಒತ್ತಿ ಆಕಾರ ಕೊಟ್ಟು, ಅಂಚಿನಲ್ಲಿ ಬಿಟ್ಟ ಪುಟ್ಟ ಕಿವಿಗಳನ್ನು ಸೀಳಿನಲ್ಲಿ ತೂರಿಸಿ ಮಡಚುತ್ತಾರೆ. ಒಂದು ಸ್ಕ್ರೂ ಬೇಡ. ನಿಮಗೆ ಯಾರಾದರೂ ಹಳೇ ಜಪಾನ್ ರೋಬೋ ಅಂತ ಮಾರಲು ಬಂದರೆ ಮೊದಲು ಆ ಕಿವಿಗಳನ್ನು ನೋಡಿ. ಬಿಚ್ಚಿ ಮತ್ತೆ ಮಡಚಿದ್ದರೆ ಅಲ್ಲಿ ಬಣ್ಣ ಒಡೆದಿರುತ್ತದೆ. ಕಂಪನಿ ಹೆಸರು ಎರಡಕ್ಷರದಲ್ಲಿ ಇರುತ್ತದೆ: ಟಿಎನ್ ಅಂದರೆ ನೊಮುರಾ, ಎಸ್‌ಎಚ್ ಅಂದರೆ ಹೊರಿಕಾವಾ, ಟಿಎಂ ಅಂದರೆ ಮಸುದಯಾ. ಮಸುದಯಾ ಮಾಡಿದ ಐದು ದೊಡ್ಡ ರೋಬೋಗಳಿವೆ, ಲಂಗ ತೊಟ್ಟ ಹಾಗೆ ಕಾಲಿಲ್ಲದ ಮೈ, ಹದಿನೈದು ಇಂಚು ಎತ್ತರ. ಐದೂ ಒಂದೇ ಕಡೆ ಸೇರಿಸಬೇಕು ಅಂತ ಜನ ಜೀವಮಾನ ಹುಡುಕುತ್ತಾರೆ. ಅದರಲ್ಲಿ 'ಮಷೀನ್ ಮ್ಯಾನ್' ಅನ್ನುವುದು ಸಿಗುವುದೇ ಇಲ್ಲ ಅನ್ನಬೇಕು.

ನನ್ನ ಹತ್ತಿರ ಅವು ಯಾವುದೂ ಇಲ್ಲ. ನಾನು ಪ್ರತಿ ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಹೋಗುತ್ತೇನೆ. ಆರೂವರೆಗೇ ಹೋಗಬೇಕು. ಪ್ಲಾಸ್ಟಿಕ್ ಹಾಳೆ ಮೇಲೆ ಮಿಕ್ಸಿ ಜಾರು, ಒಂಟಿ ಶೂ, ರಿಮೋಟು, ಗಡಿಯಾರದ ಮುಳ್ಳು, ಇವುಗಳ ನಡುವೆ ಕೈ ಹಾಕಿ ಹುಡುಕುವಾಗ ಸಿಗುವ ಖುಷಿಯೇ ಬೇರೆ. ಅಲ್ಲಿ ನನಗೆ ಸಿಕ್ಕ ದೊಡ್ಡ ನಿಧಿ ಒಂದು ತಗಡಿನ ಹಾರುವ ತಟ್ಟೆ. ಗೋಡೆಗೆ ಡಿಕ್ಕಿ ಹೊಡೆದರೆ ತಾನೇ ತಿರುಗಿ ಬೇರೆ ಕಡೆ ಹೋಗುತ್ತದೆ. ಒಳಗೆ ಬುದ್ಧಿವಂತ ಯಂತ್ರ ಏನೂ ಇಲ್ಲ. ಮೋಟಾರಿನ ಚಕ್ರ ಒಂದು ಗೂಟದ ಮೇಲೆ ಸುತ್ತಲು ಆಗುವ ಹಾಗೆ ಕೂರಿಸಿದ್ದಾರೆ. ಮುಂದೆ ತಡೆ ಬಂದಾಗ ಚಕ್ರವೇ ಪಕ್ಕಕ್ಕೆ ತಿರುಗಿಕೊಂಡು ಆಟಿಕೆಯನ್ನು ಆ ಕಡೆ ಎಳೆಯುತ್ತದೆ. ನನ್ನ ಮಗಳು ಅದನ್ನು ಬಿಚ್ಚಿ ನೋಡಿದ ಮೇಲೆ ಅರ್ಧ ದಿನ ಊಟ ಬಿಟ್ಟು ಅದರ ಜೊತೆ ಕೂತಿದ್ದಳು.

ಬಿಳಿ ಚಾಕ್, ತುಮಕೂರು ಜಿಲ್ಲೆ

ನಾನು ವಿಜ್ಞಾನದ ಮೇಷ್ಟ್ರು. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಭವಿಷ್ಯ ಹೇಳುವುದು ಸುಳ್ಳು. ಅದಕ್ಕೆ ರೋಬೋ ವೇಷ ಹಾಕಿದರೆ ಸುಳ್ಳು ಇನ್ನೂ ಜೋರಾಗುತ್ತದೆ, ಯಂತ್ರ ಹೇಳಿತು ಅಂತ ಜನ ನಂಬುತ್ತಾರೆ. ಮೇಲೆ ಒಬ್ಬರು ಬರೆದಿದ್ದಾರೆ, ತಂಗಿ ಹಳದಿ ರಿಬ್ಬನ್ ಕಟ್ಟಿಕೊಂಡು ಪರೀಕ್ಷೆಗೆ ಹೋದಳು ಅಂತ. ನಾನು ಕ್ಲಾಸಿನಲ್ಲಿ ವರ್ಷಪೂರ್ತಿ ಇದರ ವಿರುದ್ಧವೇ ಮಾತಾಡುತ್ತೇನೆ. ಇದನ್ನು ಸಂಗ್ರಹ ಮಾಡುವುದು, ಹೊಗಳುವುದು ಸರಿನಾ?

ತಗಡಿನ ಡಬ್ಬಿ, ಮೈಸೂರು

ಬೇಜಾರು ಇಲ್ಲ ಸರ್, ಕೇಳಬೇಕಾದ ಪ್ರಶ್ನೆ. ನಾನೂ ಅದರ ಭವಿಷ್ಯ ನಂಬುವುದಿಲ್ಲ. ಅಮ್ಮನಿಗೂ ನನಗೂ ಅದು ಒಂದೇ ಮಾತು ಹೇಳಿತು, ಕೋಳಿ ಸಮೇತ. ಅಮ್ಮ ಅದನ್ನು ಅಲ್ಲೇ ಕಂಡುಹಿಡಿದರು.

ನನಗೆ ಹಿಡಿಸಿದ್ದು ಬೇರೆ. ಮೊದಲು ಆ ಜಾಗದಲ್ಲಿ ಗಿಳಿ ಶಾಸ್ತ್ರದವರು ಕೂರುತ್ತಿದ್ದರು, ಅಲ್ವಾ? ಪಂಜರದ ಗಿಳಿ ಬಂದು ಕಾರ್ಡ್ ಎತ್ತಿ ಕೊಟ್ಟು ಒಳಗೆ ಹೋಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಕಾಡಿನ ಗಿಳಿ ಹಿಡಿದು ಸಾಕುವುದು ತಪ್ಪು. ಈ ರೋಬೋಗೆ ಯಾವ ಜೀವವೂ ಪಂಜರದಲ್ಲಿ ಇರಬೇಕಾಗಿಲ್ಲ. ಅದನ್ನು ಕಟ್ಟಿದವರು ಯಾವ ಕಾಲೇಜಿಗೂ ಹೋಗಿರಲಿಕ್ಕಿಲ್ಲ. ಆದರೂ ಮುಂದಿನ ಕಾಲದ ಯಂತ್ರ ಹೇಗಿರುತ್ತದೆ ಅಂತ ಅವರೇ ಕೂತು ಯೋಚಿಸಿದ್ದಾರೆ. ಎದೆಯಲ್ಲಿ ಮುಳ್ಳಾಡುವ ಮೀಟರ್ ಇರಬೇಕು, ತಲೆ ಮೇಲೆ ಆಂಟೆನಾ ಇರಬೇಕು, ಮತ್ತು ಅದು ಕನ್ನಡ ಮಾತಾಡಬೇಕು. ಯಂತ್ರ ನಮ್ಮ ಭಾಷೆಯಲ್ಲಿ ಮಾತಾಡುತ್ತದೆ ಅಂತ ನಮ್ಮ ಹಳ್ಳಿ ಮಕ್ಕಳು ಮೊದಲು ಕೇಳಿದ್ದು ಫೋನಿನಲ್ಲಿ ಅಲ್ಲ ಸರ್, ಈ ಪ್ಲೈವುಡ್ ಪೆಟ್ಟಿಗೆಯಲ್ಲಿ. ಅದಕ್ಕೆ ಉಳಿಯಬೇಕು ಅನ್ನುತ್ತೇನೆ.

ಮೂರೂಮುಕ್ಕಾಲು ಇಂಚು, ನ್ಯೂಜೆರ್ಸಿ

ಮೂಲ ದಾವಣಗೆರೆ, ಈಗ ಎಡಿಸನ್‌ನಲ್ಲಿದ್ದೇನೆ. ಇಲ್ಲಿನ ಸಂತೆಗಳಲ್ಲಿ ಹಳೇ ಸ್ಟಾರ್ ವಾರ್ಸ್ ಗೊಂಬೆ ಹುಡುಕುವುದು ನನ್ನ ಹವ್ಯಾಸ. ಹೆಸರೂ ಅದರಿಂದಲೇ ಬಂತು, ಆ ಗೊಂಬೆಗಳ ಎತ್ತರ ಮೂರೂಮುಕ್ಕಾಲು ಇಂಚು.

ವಿಚಿತ್ರ ಸಾಮಾನಿನ ಮಾತು ಬಂತಲ್ಲ, ಒಂದೆರಡು ಹೇಳುತ್ತೇನೆ. ಸಿನಿಮಾ ಬಂದಿದ್ದು 1977ರ ಮೇ 25ಕ್ಕೆ. ಇಷ್ಟು ಓಡುತ್ತದೆ ಅಂತ ಆಟಿಕೆ ಮಾಡುವ ಕೆನ್ನರ್ ಕಂಪನಿಗೆ ಗೊತ್ತಿರಲಿಲ್ಲ. ಕ್ರಿಸ್ಮಸ್ ಬಂದಾಗ ಗೊಂಬೆಯೇ ತಯಾರಿಲ್ಲ. ಆಗ ಅವರು ಏನು ಮಾಡಿದರು ಅಂದರೆ, ರಟ್ಟಿನ ಪೊಟ್ಟಣದಲ್ಲಿ ಒಂದು ಚೀಟಿ ಇಟ್ಟು ಮಾರಿದರು. ಚೀಟಿ ಅಂಚೆಗೆ ಹಾಕಿದರೆ 1978ರಲ್ಲಿ ನಾಲ್ಕು ಗೊಂಬೆ ಮನೆಗೆ ಬರುತ್ತವೆ! ಮಕ್ಕಳು ಹಬ್ಬದ ಬೆಳಿಗ್ಗೆ ರಟ್ಟು ಬಿಚ್ಚಿ ಚೀಟಿ ನೋಡಿದರು. ಈಗ ಆ ರಟ್ಟನ್ನು ಹರಿಯದೆ ಇಟ್ಟುಕೊಂಡವರಿಗೆ ಒಳ್ಳೆ ಬೆಲೆ. ಇನ್ನೊಂದು, ಜಾವಾ ಅನ್ನುವ ಪುಟ್ಟ ಗೊಂಬೆ. ಮೊದಲು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿದರು, ನೋಡಲು ಅಗ್ಗ ಅನಿಸಿತು ಅಂತ ಬಟ್ಟೆಗೆ ಬದಲಾಯಿಸಿದರು. ಆ ಅಗ್ಗದ ಪ್ಲಾಸ್ಟಿಕ್ ಹೊದಿಕೆಯದ್ದೇ ಈಗ ಅಪರೂಪ. ಬೇರೆ ಗೊಂಬೆಯ ಹೊದಿಕೆ ಕತ್ತರಿಸಿ ಹಾಕಿ ಮೋಸ ಮಾಡುವವರೂ ಇದ್ದಾರೆ, ಜೋಪಾನ.

ಆದರೆ ನನ್ನ ಜೀವ ಇರುವುದು ಕಳ್ಳ ಅಚ್ಚಿನ ಗೊಂಬೆಗಳಲ್ಲಿ. 1980ರ ದಶಕದಲ್ಲಿ ಟರ್ಕಿಯಲ್ಲಿ 'ಉಜಾಯ್' ಅಂತ ಒಂದು ಸಾಲು ಬಂತು. ಟರ್ಕಿ ಭಾಷೆಯಲ್ಲಿ ಹಾಗೆಂದರೆ ಬಾಹ್ಯಾಕಾಶ. ಯಾರನ್ನೂ ಕೇಳದೆ ಮಾಡಿದ್ದು. ಬಣ್ಣ ಎಲ್ಲಾ ಅದಲು ಬದಲು, ಹೆಸರೂ ಅವರೇ ಇಟ್ಟಿದ್ದು, ಗೊಂಬೆಯ ಹಿಂದಿನ ರಟ್ಟಿನ ಮೇಲಿನ ಚಿತ್ರ ಎಲ್ಲಿಂದಲೋ ತಂದಿದ್ದು. ಬ್ರೆಜಿಲ್‌ನಲ್ಲಿ ಗ್ಲಾಸ್‌ಲೈಟ್ ಅನ್ನುವ ಕಂಪನಿ ಅನುಮತಿ ತೆಗೆದುಕೊಂಡೇ ಮಾಡುತ್ತಿತ್ತು, ಅವರು 'ವ್ಲಿಕ್ಸ್' ಅಂತ ಒಂದು ಗೊಂಬೆ ತಂದರು. ಪ್ರಪಂಚದ ಬೇರೆ ಯಾವ ದೇಶದಲ್ಲೂ ಅದು ಅಂಗಡಿಗೆ ಬರಲಿಲ್ಲ.

ಈಗ ನಮ್ಮ ದೇಶಕ್ಕೆ ಬರುತ್ತೇನೆ. ಫನ್‌ಸ್ಕೂಲ್ ನೆನಪಿದೆ ತಾನೇ? ಎಂಆರ್‌ಎಫ್‌ನವರು ಶುರು ಮಾಡಿದ ಕಂಪನಿ. ಅವರು ಅಮೆರಿಕದ ಹ್ಯಾಸ್‌ಬ್ರೋದಿಂದ ಅಚ್ಚು ತಂದು ಜಿ.ಐ. ಜೋ ಗೊಂಬೆ ಮಾಡುತ್ತಿದ್ದರು. ಅಚ್ಚು ಅದೇ, ಬಣ್ಣ ಮಾತ್ರ ಎಷ್ಟೋ ಸಲ ಬೇರೆ. ಅಮೆರಿಕದಲ್ಲಿ ಮಂಕಾಗಿದ್ದವನು ನಮ್ಮಲ್ಲಿ ಕಣ್ಣು ಕುಕ್ಕುವ ಹಳದಿ. ಇಲ್ಲಿಯವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಸಂತೆಯಲ್ಲಿ ಒಬ್ಬರು ವಯಸ್ಸಾದ ಅಮೆರಿಕದವರು ಗಾಜಿನ ಪೆಟ್ಟಿಗೆಯೊಳಗೆ ಅದನ್ನು ಇಟ್ಟಿದ್ದರು. ನಾನು ದಾವಣಗೆರೆಯಲ್ಲಿ ಮಣ್ಣಿನಲ್ಲಿ ಹೂತು ಆಡಿದ ಗೊಂಬೆ ಅದು. ನೋಡಿದ ತಕ್ಷಣ ಗಂಟಲು ಕಟ್ಟಿತು. ಅವರು ನನ್ನನ್ನು ಕೇಳಿದರು, ಈ ಬಣ್ಣ ಯಾಕೆ ಹಾಕಿದರು ಅಂತ ನಿಮಗೆ ಗೊತ್ತಾ? ನನಗೆ ಉತ್ತರ ಇರಲಿಲ್ಲ. ಅಷ್ಟೊತ್ತು ಇಬ್ಬರೂ ನಿಂತು ಅದನ್ನೇ ನೋಡಿದೆವು.

ಉಪ್ಪುಗಾಳಿ, ಮಂಗಳೂರು

ಒಂದು ಉಪಯೋಗದ ಮಾತು ಸೇರಿಸುತ್ತೇನೆ. ಹಳೇ ಆಟಿಕೆ ಹಾಳಾಗುವುದು ಬಿದ್ದು ಅಲ್ಲ, ಒಳಗೆ ಮರೆತ ಸೆಲ್ಲಿನಿಂದ. ಸೆಲ್ ಸೋರಿದ್ದರೆ ಯಾವ ಸೆಲ್ ಅಂತ ಮೊದಲು ನೋಡಿ. ಆಲ್ಕಲೈನ್ ಆದರೆ ಬಿಳಿ ಹಿಟ್ಟು ಕ್ಷಾರ, ಅದಕ್ಕೆ ಬಡ್ಸ್‌ನಲ್ಲಿ ವಿನೆಗರ್ ಅಥವಾ ನಿಂಬೆರಸ ಸ್ವಲ್ಪ. ಹಳೇ ಕಾಲದ ಸಾಮಾನ್ಯ ಟಾರ್ಚ್ ಸೆಲ್ ಆದರೆ ಸೋರಿದ್ದು ಆಮ್ಲ, ಅದಕ್ಕೆ ಅಡುಗೆ ಸೋಡಾ ನೀರಲ್ಲಿ ಕಲಸಿ. ಆಮೇಲೆ ಒಣ ಬಟ್ಟೆಯಿಂದ ಪೂರ್ತಿ ಒರೆಸಬೇಕು, ಸೆಲ್ ತಾಗುವ ಲೋಹದ ಪಟ್ಟಿ ತುಂಬಾ ಕಪ್ಪಾಗಿದ್ದರೆ ಮಾತ್ರ ನಯವಾದ ಉಪ್ಪುಕಾಗದ. ಅಚ್ಚು ಹಾಕಿದ ಬಣ್ಣದ ಮೇಲೆ ಥಿನ್ನರ್, ಸ್ಪಿರಿಟ್ ಮುಟ್ಟಿಸಲೇಬೇಡಿ. ನಾನು ಒಂದು ಸಲ ಹಾಕಿ ರೋಬೋ ಮುಖವೇ ಅಳಿಸಿಹೋಯಿತು, ಇವತ್ತಿಗೂ ನೋವಿದೆ. ನಮ್ಮ ಕರಾವಳಿಯಲ್ಲಿ ತಗಡು ಒಂದು ಮಳೆಗಾಲ ತಡೆಯುವುದಿಲ್ಲ. ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ತೆಗೆಯುವುದಿಲ್ಲ.

ಪಟರಿ ಮನೆ, ಚನ್ನಪಟ್ಟಣ

ನಮ್ಮದು ಗೊಂಬೆ ಮಾಡುವ ಮನೆ. ಮೂರು ವರ್ಷದ ಹಿಂದೆ ಒಬ್ಬರು ಬಂದು ರೋಬೋ ಬೇಕು ಅಂದರು. ನಮ್ಮ ತಂದೆಯವರು ಮೊದಲು ಆಗಲ್ಲ ಅಂದರು. ಪಟರಿ ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರ, ಅದರ ಮೇಲೆ ಆಗುವುದೆಲ್ಲ ಗುಂಡಗೇ ಆಗುತ್ತದೆ, ರೋಬೋ ಅಂದರೆ ಚೌಕ ಅಲ್ವಾ? ಆಮೇಲೆ ಅವರೇ ರಾತ್ರಿ ಕೂತು ಗುಂಡು ರೋಬೋ ಬರೆದರು. ಗುಂಡು ತಲೆ, ಡೋಲಿನ ಥರ ಹೊಟ್ಟೆ, ಕೈಗೆ ಉಂಗುರ ಪೋಣಿಸಿದ ಹಾಗೆ. ಹಾಲೆ ಮರ, ಮೇಲೆ ಅರಗಿನ ಬಣ್ಣ. ಮರ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ಗರಿ ಹಿಡಿದರೆ ಹೊಳಪು. ರಾಕೆಟ್ ಅಂತೂ ಪಟರಿಗೇ ಹೇಳಿ ಮಾಡಿಸಿದ ಹಾಗಿದೆ, ದಿನಕ್ಕೆ ಎಷ್ಟು ಬೇಕಾದರೂ ತೆಗೆಯಬಹುದು.

ಆ ರೋಬೋ ಎಂಟೇ ಮಾಡಿದ್ದು. ಏಳು ಹೋಯಿತು. ಎಂಟನೆಯದರ ತಲೆ ಸ್ವಲ್ಪ ಓರೆ. ಅದನ್ನು ತಂದೆಯವರು ಯಾರಿಗೂ ಕೊಡುವುದಿಲ್ಲ.

ಮೆಟ್ಟಿಲು ಗೊಂಬೆ, ಮೈಸೂರು

ನನಗೆ ಎಪ್ಪತ್ತೆರಡು. ಸೊಸೆ ಟೈಪ್ ಮಾಡಿಕೊಡುತ್ತಿದ್ದಾಳೆ. ಇಷ್ಟೆಲ್ಲಾ ಸಾಮಾನು ಎಲ್ಲಿ ಇಡುವುದು ಅಂತ ಯಾರೂ ಬರೆದಿಲ್ಲ. ದಸರಾ ಗೊಂಬೆ ಕೂರಿಸುವಾಗ ಇಡಿ. ನಮ್ಮ ಮನೆಯಲ್ಲಿ ಒಂಬತ್ತು ಮೆಟ್ಟಿಲು. ಮೇಲೆ ಪಟ್ಟದ ಗೊಂಬೆ, ನಡುವೆ ದೇವರು, ಕೆಳಗೆ ಶೆಟ್ಟಿ ಶೆಟ್ಟಮ್ಮ ಅಕ್ಕಿ ಬೇಳೆ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗಿ ಬಂದರಲ್ಲ, ಆ ದಸರಾಕ್ಕೆ ನಮ್ಮ ಯಜಮಾನರು ಮಣ್ಣಿನ ಸಿಪಾಯಿ ಗೊಂಬೆಗೆ ಬಿಳಿ ಬಣ್ಣ ಬಳಿದು, ತಲೆ ಮೇಲೆ ಪುಟ್ಟ ಜಾಮ್ ಬಾಟಲಿ ಬೋರಲು ಹಾಕಿ ಶೆಟ್ಟಿಯ ಪಕ್ಕ ನಿಲ್ಲಿಸಿದರು. ಗಗನಯಾತ್ರಿ ಬೇಳೆ ಕೊಳ್ಳಲು ಬಂದ ಹಾಗೆ. ಬೀದಿಯ ಮಕ್ಕಳೆಲ್ಲ ಅದನ್ನು ನೋಡಲು ಬಂದರು, ಸಂಜೆ ಗೊಂಬೆ ಬಾಗಿನ ಸಾಕಾಗಲಿಲ್ಲ. ಯಜಮಾನರು ಈಗಿಲ್ಲ. ಬಾಟಲಿ ಎರಡು ಸಲ ಒಡೆದು ಬದಲಾಯಿಸಿದ್ದೇವೆ. ಗೊಂಬೆ ಈ ವರ್ಷವೂ ಶೆಟ್ಟಿಯ ಪಕ್ಕವೇ ಕೂತಿತ್ತು.

ಡಬ್ಬಿ ಅವರೇ, ಮುಂದಿನ ವರ್ಷ ನಿಮ್ಮ ರೋಬೋಗಳಲ್ಲಿ ಒಂದನ್ನು ತನ್ನಿ, ನಮ್ಮ ಮೆಟ್ಟಿಲಲ್ಲಿ ಜಾಗ ಕೊಡುತ್ತೇನೆ.

ಕೀಲಿಕೈ, ಬೆಂಗಳೂರು

ಅಮ್ಮಾ, ದಯವಿಟ್ಟು ಅದರ ಫೋಟೋ ಹಾಕಿಸಿ.

ಡಬ್ಬಿ ಸರ್, ನನ್ನ ಸಲಹೆ: ಆ ರೋಬೋವನ್ನೇ ಕೊಂಡುಬಿಡಿ. ನಾವೆಲ್ಲ ಸೇರಿ ಹಣ ಹಾಕೋಣ. ಇಲ್ಲದಿದ್ದರೆ ಇನ್ನು ನಾಲ್ಕು ವರ್ಷದಲ್ಲಿ ಗುಜರಿಗೆ ಹೋಗುತ್ತದೆ. ಪ್ಲೈವುಡ್ ಎಷ್ಟು ದಿನ ತಡೆಯುತ್ತದೆ?

ಘಟ್ಟದ ಮೇಲಿನವಳು, ಸಿರಸಿ

ಬೇಡ ಅಣ್ಣ. ಅದು ಅವರ ಹೊಟ್ಟೆಪಾಡು. ಇವತ್ತು ಹತ್ತು ಸಾವಿರ ಕೊಟ್ಟು ತರುತ್ತೀರಿ, ನಾಳೆ ಅವರು ಏನು ಮಾಡಬೇಕು? ಮತ್ತೆ, ಜಾತ್ರೆ ಬಿಟ್ಟು ಮನೆಗೆ ಬಂದ ಮೇಲೆ ಅದು ಬರೀ ಪೆಟ್ಟಿಗೆ. ಅದರ ಸುತ್ತ ಗಲಾಟೆ ಇರಬೇಕು, ಕರಿದ ಎಣ್ಣೆಯ ವಾಸನೆ ಇರಬೇಕು, ಹೆಡ್‌ಫೋನ್ ಹಾಕಿಕೊಂಡವರ ಮುಖ ನೋಡುತ್ತಾ ಸಾಲಿನಲ್ಲಿ ನಿಂತವರು ನಗಬೇಕು. ಅದು ಇದ್ದ ಕಡೆಯೇ ಇರಲಿ, ನಾವು ಹೋಗಿ ಬರೋಣ.

ಮೂರೂಮುಕ್ಕಾಲು ಇಂಚು, ನ್ಯೂಜೆರ್ಸಿ

ನಾನು ಕೀಲಿಕೈ ಅವರ ಕಡೆ. ಹೊಟ್ಟೆಪಾಡಿನ ಮಾತು ಒಪ್ಪುತ್ತೇನೆ, ಅದಕ್ಕೆ ಹೊಸದು ಕಟ್ಟಿಸಿಕೊಟ್ಟು ಹಳೆಯದನ್ನು ಕೇಳಬಹುದು. ಇಲ್ಲಿ ಜನ ಒಂದು ರಟ್ಟಿನ ಪೊಟ್ಟಣವನ್ನು 1977ರಿಂದ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮದನ್ನು ನಾವು ಕಾಪಾಡದಿದ್ದರೆ ಬೇರೆ ಯಾರೂ ಕಾಪಾಡುವುದಿಲ್ಲ.

ಪಟರಿ ಮನೆ, ಚನ್ನಪಟ್ಟಣ

ಹೊಸದು ಕಟ್ಟಿಸಿಕೊಟ್ಟರೆ ಅವರು ಅದನ್ನು ಇಷ್ಟಪಡುತ್ತಾರಾ? ನಮ್ಮ ತಂದೆಯವರಿಗೆ ಹೊಸ ಪಟರಿ ತಂದುಕೊಟ್ಟೆವು. ಎರಡು ದಿನ ಆದ ಮೇಲೆ ಹಳೆಯದಕ್ಕೇ ಹೋದರು. ಮೊದಲು ಅವರನ್ನೇ ಕೇಳಿ.

ತಗಡಿನ ಡಬ್ಬಿ, ಮೈಸೂರು

ಕೇಳಿಕೊಂಡು ಬಂದೆ. ನಿನ್ನೆ ಭಾನುವಾರ ಮತ್ತೆ ಹೋಗಿದ್ದೆ, ಈ ಸಲ ನಾನು ಮತ್ತು ಅಕ್ಕನ ಮಗ ಇಬ್ಬರೇ. ನಾಲ್ಕಕ್ಕೇ ಹೋದೆವು, ಜನ ಸೇರುವ ಮೊದಲು ಮಾತಾಡಬಹುದು ಅಂತ.

ಅವರು ಚಳ್ಳಕೆರೆ ಕಡೆಯವರು. ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ. ರೋಬೋ ಕಟ್ಟಿದ್ದು ಅವರ ತಂದೆ. ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಬೇರೆ ಊರಿನ ಜಾತ್ರೆಯಲ್ಲಿ ಒಂದನ್ನು ನೋಡಿ ಬಂದು, ನೆನಪಿನಿಂದಲೇ ಇದನ್ನು ಮಾಡಿದರು. ಕೈ ಮಾತ್ರ ತೋಚಿದ ಹಾಗೆ ಮಾಡಿದ್ದಂತೆ, ಅಲ್ಲಿ ನೋಡಿದ್ದರ ಕೈ ಹೇಗಿತ್ತು ಅಂತ ತಂದೆಗೆ ನೆನಪಿರಲಿಲ್ಲ! ಮೊದಲು ಒಳಗೆ ಕ್ಯಾಸೆಟ್ ಇತ್ತು, ಜಾತ್ರೆಯ ದೂಳಿಗೆ ಟೇಪು ಸಿಕ್ಕಿಹಾಕಿಕೊಳ್ಳುತ್ತಿತ್ತು. ಈಗ ಪೆನ್‌ಡ್ರೈವ್.

ಕೋಳಿ ಬಗ್ಗೆ ಕೇಳಿದೆ. ಅವರು ಮೊದಲು ಸ್ವಲ್ಪ ಸಂಕೋಚಪಟ್ಟರು. ದನಿ ಅವರ ಅತ್ತಿಗೆಯದು. ಊರಿನ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದರು, ಅದಕ್ಕೇ ಆ ಗತ್ತು. ಮನೆ ಪಕ್ಕ ಹಿಟ್ಟಿನ ಗಿರಣಿ. ಹಗಲು ರೆಕಾರ್ಡ್ ಮಾಡಿದರೆ ಗಿರಣಿ ಸದ್ದು ಬರುತ್ತದೆ ಅಂತ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೂತರು. ಗಿರಣಿ ಇರಲಿಲ್ಲ, ಕೋಳಿ ಇತ್ತು. ಪೆನ್‌ಡ್ರೈವ್‌ಗೆ ಹಾಕುವಾಗ ಅಂಗಡಿಯವನು ಕೋಳಿ ತೆಗೆಯುತ್ತೇನೆ ಅಂದನಂತೆ. ಆ ಜಾಗದಲ್ಲಿ ಅತ್ತಿಗೆಯ ಮಾತೂ ಹೋಗುತ್ತದೆ ಅಂತ ಇವರು ಬೇಡ ಅಂದರು. ಅತ್ತಿಗೆ ಈಗಲೂ ಇದ್ದಾರೆ, ಈಗ ಆ ಹಿಟ್ಟಿನ ಗಿರಣಿ ನಡೆಸುತ್ತಾರೆ.

ಮಾರುತ್ತೀರಾ ಅಂತ ಕೇಳಿದೆ. ಇಲ್ಲ ಅಂದರು. ಹೊಸದು ಕಟ್ಟಿಸಿಕೊಡುತ್ತೇವೆ ಅಂದೆ. ಅದಕ್ಕೂ ಬೇಡ ಅಂತ ತಲೆ ಆಡಿಸಿದರು. ಎಕ್ಸಿಬಿಷನ್ ಮುಗಿದ ಮೇಲೆ ಇನ್ನೂ ಜಾತ್ರೆಗಳಿವೆ, ನಾಯಕನಹಟ್ಟಿಗೆ ಹೋಗಲೇಬೇಕು, ಅಲ್ಲಿ ಪ್ರತಿ ವರ್ಷ ಬರುವ ಜನ ಇದನ್ನು ಹುಡುಕುತ್ತಾರೆ ಅಂದರು. ಸಿರಸಿಯ ಅಕ್ಕ ಹೇಳಿದ್ದು ಸರಿ ಇತ್ತು.

ನಾನು ಹೊರಡುವಾಗ ಅವರು ಮೇಜಿನ ಕೆಳಗೆ ಬಗ್ಗಿ ಬ್ಯಾಟರಿ ಮೇಲೆ ಮುಚ್ಚಿದ್ದ ತಗಡು ಎತ್ತಿದರು. ತಿರುಗಿಸಿ ತೋರಿಸಿದರು. ಅದು ರೋಬೋದ ಮೊದಲ ಮುಖ! ಒಳಗಿನ ಬಲ್ಬಿನ ಬಿಸಿಗೆ ಒಂದು ಕಡೆ ಸುಟ್ಟು ಕಪ್ಪಾಗಿತ್ತಂತೆ, ಅದಕ್ಕೆ ಹ್ಯಾಗೂ ಎಲ್‌ಇಡಿ ಹಾಕುವಾಗ ಮುಖವನ್ನೂ ಬದಲಾಯಿಸಿದರು. ಕಣ್ಣಿಗೆ ಎರಡು ತೂತು, ಬಾಯಿಗೆ ರೇಡಿಯೋ ಸ್ಪೀಕರಿನ ಜಾಲರಿ, ಹುಬ್ಬು ಮಾತ್ರ ಕೈಯಲ್ಲೇ ಬರೆದಿದ್ದು. ಹುಬ್ಬು ಎಷ್ಟು ಚೆನ್ನಾಗಿದೆ ಗೊತ್ತಾ, ಯಕ್ಷಗಾನದ ರಾಜನಿಗೆ ಬರೆದ ಹಾಗೆ ಮೇಲಕ್ಕೆ ಎತ್ತಿ ಬರೆದಿದ್ದಾರೆ. ಇದನ್ನು ತೆಗೆದುಕೊಂಡು ಹೋಗಿ ಅಂದರು. ಹಣ ಬೇಡ ಅಂದರೂ ನಾನು ಬಿಡಲಿಲ್ಲ. ಬ್ಯಾಟರಿ ಮುಚ್ಚಲು ಒಂದು ಒಳ್ಳೆ ಮರದ ಹಲಗೆಯನ್ನೂ ಮುಂದಿನ ವಾರ ತಂದುಕೊಡುತ್ತೇನೆ ಅಂದಿದ್ದೇನೆ.

ಹುಡುಗ ಅದನ್ನು ಮನೆವರೆಗೂ ತೊಡೆ ಮೇಲೆ ಇಟ್ಟುಕೊಂಡು ಬಂದ.

ಬಿಳಿ ಚಾಕ್, ತುಮಕೂರು ಜಿಲ್ಲೆ

ಪೂರ್ತಿ ಓದಿದೆ. ನನ್ನ ಅಭಿಪ್ರಾಯ ಭವಿಷ್ಯದ ಬಗ್ಗೆ ಬದಲಾಗಿಲ್ಲ. ಆದರೆ ರೇಡಿಯೋ ರಿಪೇರಿಯವರು ನೆನಪಿನಿಂದ ರೋಬೋ ಕಟ್ಟಿದ್ದನ್ನು ನಾಳೆ ಎಂಟನೇ ಕ್ಲಾಸಿನಲ್ಲಿ ಹೇಳುತ್ತೇನೆ.

ನನ್ನ ಹತ್ತಿರವೂ ಒಂದು ಸಂಗ್ರಹ ಇದೆ, ಇಲ್ಲಿ ಹೇಳಬಹುದಾ ಗೊತ್ತಿಲ್ಲ. ಹಳೇ ಎರಡು ರೂಪಾಯಿ ನೋಟು. ಹಿಂಬದಿಯಲ್ಲಿ ಆರ್ಯಭಟ ಉಪಗ್ರಹದ ಚಿತ್ರ ಇರುವುದು. ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ಕ್ಕೆ ರಷ್ಯಾದಿಂದ ಮೇಲೆ ಹೋಯಿತು. ಇಪ್ಪತ್ತಾರು ಮುಖ ಅದಕ್ಕೆ. ಮಕ್ಕಳಿಗೆ ನೋಟು ಕೊಟ್ಟು ಭೂತಗನ್ನಡಿಯಲ್ಲಿ ನೋಡಲು ಹೇಳುತ್ತೇನೆ, ಆಮೇಲೆ ರಟ್ಟಿನಲ್ಲಿ ಮಾಡಿಸುತ್ತೇನೆ. ಪ್ರತಿ ವರ್ಷ ಒಬ್ಬರಾದರೂ ಅದಕ್ಕೆ ಕಣ್ಣು, ಬಾಯಿ ಬರೆದು ತರುತ್ತಾರೆ. ಹೋದ ವರ್ಷದವರೆಗೂ ಅಳಿಸಲು ಹೇಳುತ್ತಿದ್ದೆ.

ತಗಡಿನ ಡಬ್ಬಿ, ಮೈಸೂರು

ಸರ್, ಅವುಗಳ ಫೋಟೋ ದಯವಿಟ್ಟು ಹಾಕಿ. ಒಂದನ್ನೂ ಬಿಡಬೇಡಿ.

ಮುಖವನ್ನು ಒಣ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ. ಸುಟ್ಟ ಕಡೆ ಮುಟ್ಟಿಲ್ಲ, ಅದು ಹಾಗೇ ಇರಲಿ. ಕಣ್ಣಿಗೆ ಮತ್ತೆ ಹಳೇ ಥರದ ಬಲ್ಬ್ ಹಾಕಬೇಕು ಅಂತ ಆಸೆ. ಹಿಂದೆ ಎರಡು ಹೋಲ್ಡರ್ ಇನ್ನೂ ಇವೆ, ಸಣ್ಣ ತಿರುಪಿನ ಥರದ್ದು, ಬಾಯಿ ಒಂದು ಸೆಂಟಿಮೀಟರ್ ಇರಬಹುದು. ಯಾವ ಬಲ್ಬ್ ಹೊಂದುತ್ತದೆ?

ಉಪ್ಪುಗಾಳಿ, ಮಂಗಳೂರು

ಸೈಕಲ್ ಡೈನಮೋ ಲೈಟಿನ ಬಲ್ಬ್. ಆರು ವೋಲ್ಟಿನದು. ಲಾರಿ ಬ್ಯಾಟರಿಗೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ, ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿ ಕೊಡಿ. ಅವರ ತಂದೆಯೂ ಹಾಗೇ ಮಾಡಿರುತ್ತಾರೆ, ಹಿಂದಿನ ವೈರ್ ನೋಡಿ. ಅಂಗಡಿಯಲ್ಲಿ ಈಗ ಸಿಗುವುದು ಕಷ್ಟ. ನನ್ನ ಹತ್ತಿರ ನಾಲ್ಕಿವೆ, ಎರಡು ಕಳಿಸುತ್ತೇನೆ.